ಹದಿನೆಂಟು ಇಂಚಿನ ಗಾಲಿ, ನಾಲ್ಕು ತಿಂಗಳ ಮಳೆ: ಯಾವ ಟೈರಿಗೆ ದುಡ್ಡು ಹಾಕುವುದು?

ನಮ್ಮ ಮನೆಯಲ್ಲಿರುವುದು ಮಧ್ಯಮ ಗಾತ್ರದ ಒಂದು ಕ್ರಾಸ್‌ಓವರ್. ಮೇಲಿನ ವೇರಿಯಂಟ್, 18 ಇಂಚಿನ ಅಲಾಯ್ (ಮಿಶ್ರಲೋಹದ ರಿಮ್). ನಿಜ ಹೇಳಬೇಕೆಂದರೆ ಶೋರೂಮಿನಲ್ಲಿ ಆ ಅಲಾಯ್ ನೋಡಿಯೇ ಮೇಲಿನ ವೇರಿಯಂಟಿಗೆ ಹೋದದ್ದು. ಅದರ ಬಾಕಿ ಬಿಲ್ಲು ಬಂದದ್ದು ಕಳೆದ ಮಾರ್ಚ್‌ನಲ್ಲಿ. ಟೈರ್ ಸವೆದಿತ್ತು. ಮಂಗಳೂರಿನ ಕಂಕನಾಡಿಯ ಒಂದು ಅಂಗಡಿಯಲ್ಲಿ ನಾಲ್ಕು ಟೈರಿಗೆ ರೇಟು ಕೇಳಿದೆ. ಚೀಟಿ ನೋಡಿ ಮಡಚಿ ಕಿಸೆಗೆ ಹಾಕಿಕೊಂಡು, "ನಾಳೆ ಬರ್ತೇನೆ" ಎಂದು ಮನೆಗೆ ಬಂದೆ.

ಅದೇ ಭಾನುವಾರ ಅಕ್ಕ-ಬಾವನ ಫೋನ್ ಬಂತು. ಅವರಿರುವುದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಟೈರಿನ ಗೋಳು ಹೇಳಿಕೊಂಡರೆ ಬಾವ ನಕ್ಕರು. "ಮಾರಾಯ, ನಿನ್ನದು ನಾಲ್ಕು ಟೈರಿನ ಚಿಂತೆ. ನನ್ನದು ಎಂಟು."

ಅವರಿರುವ ಕ್ವೆಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರಿಗೆ ಚಳಿಗಾಲದ ಟೈರ್ ಇರಲೇಬೇಕು ಎಂಬ ಕಾನೂನಿದೆ. ಇಲ್ಲದಿದ್ದರೆ 200ರಿಂದ 300 ಡಾಲರ್ ದಂಡ. ಬಾವನ ಕ್ರಾಸ್‌ಓವರಿಗೆ ಕಂಪೆನಿ ಕೊಟ್ಟದ್ದು 19 ಇಂಚಿನ ಗಾಲಿ. ಆ ಅಳತೆಗೆ ಚಳಿಗಾಲದ ಟೈರ್ ಒಂದಕ್ಕೆ ಸುಮಾರು 320 ಡಾಲರ್ ಹೇಳಿದರಂತೆ. ಅದೇ ಕಾರಿನ ಕೆಳಗಿನ ವೇರಿಯಂಟಿಗೆ ಬರುವ 17 ಇಂಚಿನ ಅಳತೆಯಲ್ಲಿ 210 ಡಾಲರ್. ಅವರು 17 ಇಂಚಿನ ಸಾದಾ ಕಬ್ಬಿಣದ ರಿಮ್ ನಾಲ್ಕು ಕೊಂಡು, ಅದಕ್ಕೆ ಚಳಿಗಾಲದ ಟೈರ್ ಹಾಕಿಸಿ ಇಟ್ಟುಬಿಟ್ಟರು. ರಿಮ್‌ನ ಖರ್ಚು ಸೇರಿಸಿದರೂ 19 ಇಂಚಿನ ಬರೀ ಟೈರಿಗಿಂತ ಸ್ವಲ್ಪ ಕಡಿಮೆಯೇ ಬಿತ್ತು. ಮೇಲಿಂದ ವರ್ಷಕ್ಕೆ ಎರಡು ಸಲ ರಿಮ್‌ನಿಂದ ಟೈರ್ ಕಳಚಿ ಹಾಕುವ ಕೂಲಿಯೂ ಉಳಿಯಿತು. ಗಾಲಿ ಬಿಚ್ಚಿ ಗಾಲಿ ಹಾಕಿದರೆ ಆಯಿತು.

ಫೋನ್ ಇಟ್ಟ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಹಿಮಕ್ಕೆ ಅವರು ಮಾಡಿದ ಉಪಾಯ ನಮ್ಮ ಮಳೆಗೆ ನಡೆಯುತ್ತದಾ? ಆಮೇಲೆ ಒಂದು ತಿಂಗಳು ಅಂಗಡಿ ಅಂಗಡಿ ತಿರುಗಿದೆ, ಲೆಕ್ಕ ಹಾಕಿದೆ. ಕೆಳಗಿನ ರೇಟುಗಳೆಲ್ಲ ಆಗ ನನಗೆ ಹೇಳಿದವು. ನಿಮ್ಮ ಅಂಗಡಿಯಲ್ಲಿ ಹೆಚ್ಚುಕಡಿಮೆ ಇರಬಹುದು. ಒಂದು ಅಳತೆಗೂ ಇನ್ನೊಂದಕ್ಕೂ ಇರುವ ಅಂತರವನ್ನು ನೋಡಿ, ಅಷ್ಟು ಸಾಕು.

ಎರಡು ಸೆಟ್ ಟೈರ್: ಇದನ್ನು ಮೊದಲೇ ಬಿಟ್ಟುಬಿಡೋಣ

ಚಳಿಗಾಲದ ಟೈರ್ ಇರುವುದು ಹಿಮಕ್ಕೆ ಮಾತ್ರ ಅಂತ ನಾನು ತಿಳಿದಿದ್ದೆ. ವಿಷಯ ಇರುವುದು ಚಳಿಯಲ್ಲಿ. ಉಷ್ಣಾಂಶ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಸಾದಾ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಬಿಡುತ್ತದೆ. ಅದಕ್ಕೇ ಅಲ್ಲಿಯವರು ಚಳಿಯಲ್ಲೂ ಮೆದುವಾಗಿ ಉಳಿಯುವ ಬೇರೆ ರಬ್ಬರಿನ ಟೈರ್ ಹಾಕುತ್ತಾರೆ. ಬದಿಯಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹೂವಿನ ಗುರುತು ಇರುತ್ತದೆ. ಬೇಸಿಗೆ ಬಂದರೆ ಆ ಮೆದು ರಬ್ಬರ್ ಬೇಗ ಸವೆಯುತ್ತದೆ, ಹಾಗಾಗಿ ಬಿಚ್ಚಲೇಬೇಕು.

ಮಂಗಳೂರಿನಲ್ಲಿ ಡಿಸೆಂಬರ್ ಬೆಳಿಗ್ಗೆಯೂ 20 ಡಿಗ್ರಿ ಆಸುಪಾಸು. ನಮಗೆ ಕಾಲಕ್ಕೊಂದು ರಬ್ಬರ್ ಬೇಡ. ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ಟೈರ್ ಏಪ್ರಿಲ್ ಬಿಸಿಲಿನಲ್ಲೂ ಚೆನ್ನಾಗಿಯೇ ಓಡುತ್ತದೆ. ಎರಡನೇ ಸೆಟ್ ತಂದು ಫ್ಲ್ಯಾಟಿನ ಬಾಲ್ಕನಿಯಲ್ಲಿ ಪೇರಿಸಿಟ್ಟರೆ ಸೊಳ್ಳೆಗೆ ಒಂದು ಮನೆಯಾಯಿತು, ಅಷ್ಟೆ.

ಅಂದ ಹಾಗೆ, ಕೆಲವು ಎಸ್‌ಯುವಿ ಟೈರಿನ ಬದಿಯಲ್ಲಿ "ಎಂ ಪ್ಲಸ್ ಎಸ್" ಎಂದು ಇರುತ್ತದೆ. ಕೆಸರು ಮತ್ತು ಹಿಮ ಎಂದು ಅರ್ಥ. ಇದನ್ನು ತೋರಿಸಿ "ಮಳೆಗೆ ಸ್ಪೆಷಲ್ ಸರ್" ಎಂದು ಒಬ್ಬರು ನನಗೆ ಮಾರಲು ನೋಡಿದರು. ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿಯುವುದಕ್ಕೂ ಆ ಅಕ್ಷರಕ್ಕೂ ಸಂಬಂಧವಿಲ್ಲ.

ಹಾಗಾದರೆ ಬಾವನ ಉಪಾಯದಲ್ಲಿ ನಮಗೆ ಉಳಿದದ್ದು ಅರ್ಧ ಭಾಗ. ಹವೆ ಕೆಟ್ಟಾಗ ರಿಮ್ ಚಿಕ್ಕದು ಮಾಡುವುದು. ನಮಗೆ ಅದನ್ನು ವರ್ಷವಿಡೀ ಮಾಡಬೇಕಾಗುತ್ತದೆ.

ಒಂದು ಇಂಚಿನ ಬೆಲೆ

ನನ್ನ ಕಾರಿನ ಟೈರಿನ ಅಳತೆ 215/55 ಆರ್18. ಇದನ್ನು ಓದುವ ಕ್ರಮ ಹೀಗೆ. 215 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 55 ಅಂದರೆ ಬದಿಯ ಗೋಡೆಯ ಎತ್ತರ ಆ ಅಗಲದ ಶೇಕಡ 55ರಷ್ಟು, ಅಂದರೆ 118 ಮಿ.ಮೀ. 18 ಅಂದರೆ ರಿಮ್‌ನ ವ್ಯಾಸ, ಇಂಚಿನಲ್ಲಿ. ಇದೇ ಕಾರಿನ ಕೆಳಗಿನ ವೇರಿಯಂಟಿಗೆ ಕಂಪೆನಿಯೇ ಕೊಡುವುದು 215/60 ಆರ್17. ಅದರ ಗೋಡೆ 129 ಮಿ.ಮೀ. ಲೆಕ್ಕ ಹಾಕಿ ನೋಡಿದರೆ ಇಡೀ ಗಾಲಿಯ ಎತ್ತರ ಒಂದರದ್ದು 694 ಮಿ.ಮೀ., ಇನ್ನೊಂದರದ್ದು 690. ನಾಲ್ಕೇ ಮಿಲಿಮೀಟರ್ ವ್ಯತ್ಯಾಸ. ಸ್ಪೀಡೋಮೀಟರಿಗೂ ಗೊತ್ತಾಗುವುದಿಲ್ಲ.

ಇನ್ನೂ ದೊಡ್ಡ ಗಾಡಿ ಇರುವವರಿಗೂ ಇದೇ ಕಥೆ. ಹ್ಯಾರಿಯರ್, ಎಕ್ಸ್‌ಯುವಿ700 ಎರಡಕ್ಕೂ 235/60 ಆರ್18 ಮತ್ತು 235/65 ಆರ್17 ಎರಡು ಅಳತೆಯೂ ಬಂದಿವೆ. ಅವುಗಳ ಎತ್ತರದಲ್ಲಿ ವ್ಯತ್ಯಾಸ ಎರಡು ಮಿಲಿಮೀಟರ್.

ಆದರೆ ಬೆಲೆ? ನನಗೆ ಸಿಕ್ಕ ರೇಟು ಹೀಗಿತ್ತು. 18 ಇಂಚಿನಲ್ಲಿ ಕಾರಿನ ಜೊತೆ ಬಂದ ಅದೇ ಮಾಡೆಲ್ ಒಂದಕ್ಕೆ 14,500 ರೂಪಾಯಿ. 18ರಲ್ಲೇ ಒದ್ದೆ ಹಿಡಿತಕ್ಕೆ ಹೆಸರಾದ ಮೇಲಿನ ದರ್ಜೆಯದ್ದು 18,500. 17 ಇಂಚಿನಲ್ಲಿ ಸಾದಾ ಟೈರ್ 10,000. 17ರಲ್ಲಿ ಆ ಮೇಲಿನ ದರ್ಜೆಯದ್ದೇ 12,500. ಅಂದರೆ 17 ಇಂಚಿನ ಒಳ್ಳೆಯ ಟೈರ್, 18 ಇಂಚಿನ ಸಾದಾ ಟೈರಿಗಿಂತ ಅಗ್ಗ! ಇದನ್ನು ನೋಡಿದ ಮೇಲೆ ನನ್ನ ಲೆಕ್ಕ ಅರ್ಧ ಮುಗಿದಿತ್ತು.

ಕಾರಣ ಏನೂ ನಿಗೂಢವಲ್ಲ. 17 ಇಂಚಿನ ಆ ಅಳತೆ ಎಷ್ಟೋ ಜನಪ್ರಿಯ ಕಾರುಗಳಿಗೆ ಬರುತ್ತದೆ. ಕ್ರೆಟಾಗೂ ಅದೇ, ಗ್ರ್ಯಾಂಡ್ ವಿಟಾರಾಗೂ ಅದೇ. ಹಾಗಾಗಿ ಎಲ್ಲ ಕಂಪೆನಿಯವರೂ ಮಾಡುತ್ತಾರೆ, ಅಂಗಡಿಯಲ್ಲೂ ಸ್ಟಾಕ್ ಇರುತ್ತದೆ. 18ಕ್ಕೆ ಹೋದರೆ ಆಯ್ಕೆಯೇ ಕಡಿಮೆ. ಮೇಲಾಗಿ 2020ರ ಜೂನ್‌ನಲ್ಲಿ ಹೊಸ ಟೈರುಗಳ ಆಮದಿಗೆ ಕೇಂದ್ರ ಸರ್ಕಾರ ಪರವಾನಗಿಯ ಕಡಿವಾಣ ಹಾಕಿತು. ಹೊರಗಿನಿಂದಲೇ ಬರಬೇಕಾದ ಅಳತೆಗಳಿಗೆ ಆಮೇಲೆ ಕಾಯುವುದೂ ಸೇರಿಕೊಂಡಿತು. ಒಂದು ಸಮಾಧಾನ ಅಂದರೆ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ಯಾರಾದರೂ ಹಳೆಯ ರೇಟಿನ ಪಟ್ಟಿ ತೋರಿಸಿದರೆ ಅದು ಹಳೆಯ ತೆರಿಗೆಯದ್ದು, ಅದನ್ನೇ ಹಿಡಿದು ಚೌಕಾಸಿ ಮಾಡಬೇಡಿ, ಮಾಡಲು ಬಿಡಲೂ ಬೇಡಿ.

ಹೊಂಡದ ಲೆಕ್ಕ

ಅಂಗಡಿಯ ಚೀಟಿಯಲ್ಲಿ ಕಾಣದ ಖರ್ಚು ಇದು. ನಮ್ಮ ಊರಿನ ಮಟ್ಟಿಗೆ ಇದೇ ದೊಡ್ಡದು.

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ, ರಸ್ತೆಯ ಹೊಂಡ ಕಾಣುವುದಿಲ್ಲ. ನೀರು ಕಾಣುತ್ತದೆ. ಅದರೊಳಗೆ ನಾಲ್ಕು ಇಂಚು ಆಳವಿದೆಯೋ ಹತ್ತು ಇಂಚೋ, ಗಾಲಿ ಇಳಿದ ಮೇಲೆಯೇ ಗೊತ್ತಾಗುವುದು. ಹೊಂಡದ ಅಂಚು ಹರಿತವಾಗಿದ್ದರೆ ಟೈರಿನ ಗೋಡೆ ರಿಮ್‌ಗೂ ಅಂಚಿಗೂ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯಂತೆ ಸಿಗುತ್ತದೆ. ಒಳಗಿನ ನೂಲು ತುಂಡಾಗುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಬದಿಯಲ್ಲಿ ನೆಲ್ಲಿಕಾಯಿಯಷ್ಟು ಉಬ್ಬು. ಉಬ್ಬಿದ ಟೈರಿಗೆ ರಿಪೇರಿ ಇಲ್ಲ. ಗಾಡಿ ಓಡುವಾಗಲೇ ಒಡೆಯಬಹುದು, ಆದ್ದರಿಂದ ತೆಗೆಯಲೇಬೇಕು. ಏಟು ಬಿದ್ದು ಆದ ಉಬ್ಬಿಗೆ ಸಾಮಾನ್ಯ ವಾರಂಟಿ ಸಿಗುವುದಿಲ್ಲ.

ಮೂರು ವರ್ಷದಲ್ಲಿ ನನ್ನ ಎರಡು ಟೈರ್ ಹೀಗೆ ಹೋದವು. ಒಂದು ಸುರತ್ಕಲ್ ದಾಟಿದ ಮೇಲೆ, ರಾತ್ರಿ. ಇನ್ನೊಂದು ನಮ್ಮದೇ ಬೀದಿಯ ತಿರುವಿನಲ್ಲಿ. ಹೆಂಡತಿ ಆ ಹೊಂಡ ತೋರಿಸಿ "ಅಲ್ಲಿ, ಅಲ್ಲಿ" ಎನ್ನುವಾಗಲೇ ಇಳಿಸಿದ್ದು. ಅದರ ಮಾತು ಇಲ್ಲಿ ಬೇಡ. ಎರಡಕ್ಕೂ ಸೇರಿ 29,000. ಅಂದರೆ ವರ್ಷಕ್ಕೆ ಹತ್ತು ಸಾವಿರದ ಹತ್ತಿರ.

17 ಇಂಚಿನಲ್ಲಿ ಗೋಡೆ 11 ಮಿ.ಮೀ. ಹೆಚ್ಚು ಎತ್ತರ. ಕೇಳಲಿಕ್ಕೆ ಏನೂ ಅಲ್ಲ. ಆದರೆ ಏಟು ತಡೆಯುವುದು ಆ ಗಾಳಿಯ ದಿಂಬೇ ತಾನೆ. ಹೊಂಡದ ಊರಿನಲ್ಲಿ ಆ 11 ಮಿ.ಮೀ.ಗೆ ನಾನು ಮರ್ಯಾದೆ ಕೊಡುತ್ತೇನೆ.

ಇಂಚು ಇಳಿಸಿದರೆ ಹಿಡಿತ ಹೆಚ್ಚುತ್ತದಾ?

ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ತುಂಬ ಜನ ಹೌದು ಅಂದುಕೊಂಡಿದ್ದಾರೆ. ಬಾವನ ವಿಷಯ ಬೇರೆ. ಅವರ ಟೈರಿನ ಅಗಲವೂ 235ರಿಂದ 225ಕ್ಕೆ ಇಳಿದಿದೆ. ಅಗಲ ಕಡಿಮೆಯಾದರೆ ನೀರನ್ನೂ ಹಿಮದ ಗಂಜಿಯನ್ನೂ ಸೀಳಿಕೊಂಡು ಹೋಗುವುದು ಸುಲಭ. ನನ್ನದರಲ್ಲಿ ಎರಡೂ ಅಳತೆಗೆ ಅಗಲ 215. ಆದ್ದರಿಂದ ಇಂಚು ಇಳಿಸಿದ್ದರಿಂದಲೇ ಮಳೆಯಲ್ಲಿ ಏನೂ ಹೆಚ್ಚು ಸಿಗುವುದಿಲ್ಲ. ಸಿಗುವುದು ದುಡ್ಡು. ಆ ದುಡ್ಡನ್ನು ಒಳ್ಳೆಯ ರಬ್ಬರಿಗೆ ಹಾಕಿದರೆ ಹಿಡಿತ ಸಿಗುತ್ತದೆ.

ಒದ್ದೆ ಹಿಡಿತ ಬರುವುದು ಎರಡು ಕಡೆಯಿಂದ. ಒಂದು, ರಬ್ಬರಿನ ಮಿಶ್ರಣ. ಅದರಲ್ಲಿ ಸಿಲಿಕಾ ಎಂಬ ಪುಡಿ ಸೇರಿಸಿದರೆ ಒದ್ದೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ. ಇನ್ನೊಂದು, ನೀರು ಹೊರಗೆ ಹಾಕುವ ಕಾಲುವೆಗಳು. ಮುಖ್ಯವಾಗಿ ಟೈರಿನ ಸುತ್ತ ಉದ್ದಕ್ಕೆ ಹೋಗುವ ಮೂರು ನಾಲ್ಕು ಆಳದ ಗೀರು. ಪಡುಬಿದ್ರಿ ಕಡೆ ಹೆದ್ದಾರಿಯಲ್ಲಿ ಎಂಬತ್ತು ತೊಂಬತ್ತರಲ್ಲಿ ಹೋಗುವಾಗ ಒಮ್ಮೆಲೇ ಸ್ಟೇರಿಂಗ್ ಹಗುರಾದಂತೆ ಆಗುತ್ತದಲ್ಲ, ಆಗ ಗಾಲಿ ರಸ್ತೆಯ ಮೇಲಿಲ್ಲ, ನೀರಿನ ಮೇಲಿದೆ. ಆ ಗೀರುಗಳಿಗೆ ಅಷ್ಟು ನೀರು ಹೊರಗೆ ಹಾಕಲು ಪುರಸೊತ್ತು ಸಿಗಲಿಲ್ಲ ಎಂದು ಅರ್ಥ.

ಇದಕ್ಕೆ ವಿಮಾನದ ಟೈರುಗಳ ಪ್ರಯೋಗದಿಂದ ಬಂದ ನಾಸಾದ ಒಂದು ಹಳೆಯ ಸೂತ್ರವಿದೆ. ಗಾಲಿ ತೇಲಲು ಶುರುವಾಗುವ ವೇಗ ಗಾಳಿಯ ಒತ್ತಡದ ಮೇಲೆ ನಿಂತಿದೆ ಎನ್ನುತ್ತದೆ ಅದು. 33 ಪಿಎಸ್‌ಐ ಇದ್ದರೆ ಲೆಕ್ಕ ಸುಮಾರು 96 ಕಿ.ಮೀ. ವೇಗಕ್ಕೆ ಬರುತ್ತದೆ. 25ಕ್ಕೆ ಇಳಿದಿದ್ದರೆ 83ಕ್ಕೇ. ಕಾರಿನ ಟೈರಿಗೆ ಇದು ಅಂದಾಜು ಮಾತ್ರ, ನೀರಿನ ಆಳ ಮತ್ತು ಸವೆತ ನೋಡಿ ಬದಲಾಗುತ್ತದೆ. ಆದರೂ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸಲು ಎರಡು ನಿಮಿಷ ಇಳಿಯದವನು 74,000 ರೂಪಾಯಿಯ ಟೈರ್ ಹಾಕಿಸಿ ಏನು ಪ್ರಯೋಜನ, ಅಲ್ವಾ?

ಯಾವ ಮಾಡೆಲ್ ಒದ್ದೆಯಲ್ಲಿ ಚೆನ್ನಾಗಿದೆ ಎಂದು ತಿಳಿಯಲು ಒಂದು ದಾರಿ ಯುರೋಪಿನ ಲೇಬಲ್. ಅಲ್ಲಿ ಒದ್ದೆ ಹಿಡಿತಕ್ಕೆ ಎ ಯಿಂದ ಇ ವರೆಗೆ ದರ್ಜೆ ಕೊಡುತ್ತಾರೆ. ನೀವು ನೋಡಿದ ಮಾಡೆಲ್ ಅಲ್ಲೂ ಮಾರಾಟವಾಗುತ್ತಿದ್ದರೆ ದರ್ಜೆ ಹುಡುಕಿ ನೋಡಿ. ಆದರೆ ಇಲ್ಲಿಗೆ ಮಾಡುವ ಟೈರಿನ ಮಿಶ್ರಣ ಬೇರೆ ಇರಬಹುದು, ಕಣ್ಣು ಮುಚ್ಚಿ ನಂಬಬೇಡಿ. ನಮ್ಮಲ್ಲೂ 2022ರ ಅಕ್ಟೋಬರ್‌ನಿಂದ ಹೊಸ ವಿನ್ಯಾಸದ ಟೈರುಗಳು ಒದ್ದೆ ಹಿಡಿತದ ಕನಿಷ್ಠ ಮಟ್ಟ ದಾಟಬೇಕು ಎಂಬ ನಿಯಮ ಬಂದಿದೆ. ಅದು ಪಾಸಾಗುವ ಮಾರ್ಕು, ರ‍್ಯಾಂಕ್ ಅಲ್ಲ.

ಆಲ್-ಟೆರೇನ್ ಟೈರ್ ಬೇಕಾ?

ಮಣ್ಣು, ಕೆಸರಿನ ದಾರಿಗೂ ಆಗುವ ಟೈರ್ ಇದು. ಬೀದಿಯಲ್ಲಿ ಗತ್ತಿಗೆ ಚೆನ್ನಾಗಿ ಕಾಣುತ್ತದೆ. ಹೆಬ್ರಿಯಲ್ಲಿ ನನ್ನ ಮಾವನ ತೋಟಕ್ಕೆ ಇಳಿಯುವ ದಾರಿ ಕೆಂಪು ಮಣ್ಣಿನ ಇಳಿಜಾರು. ಜುಲೈಯಲ್ಲಿ ಅಲ್ಲಿಗೆ ಮಾವನ ಹಳೆಯ ಜೀಪು ಮಾತ್ರ ಹೋಗುತ್ತದೆ. ಅಂಥ ದಾರಿ ನಿಮ್ಮ ದಿನದ ದಾರಿಯಾದರೆ ಆಲ್-ಟೆರೇನ್ ಹಾಕಿಸಿ, ನಾನು ಬೇಡ ಎನ್ನುವುದಿಲ್ಲ. ನಿಮ್ಮ ಓಡಾಟ ಮಂಗಳೂರಿನ ಕಾಂಕ್ರೀಟು ಮತ್ತು ಹೆದ್ದಾರಿಯಲ್ಲಾದರೆ ಬೇಡ. ದೊಡ್ಡ ಗಡ್ಡೆಯ ಆ ಟೈರ್ ಸದ್ದು ಮಾಡುತ್ತದೆ, ಎಣ್ಣೆ ಕುಡಿಯುತ್ತದೆ. ನುಣುಪಾದ ಒದ್ದೆ ಕಾಂಕ್ರೀಟಿನಲ್ಲಿ ಒಳ್ಳೆಯ ರಸ್ತೆ ಟೈರಿನಷ್ಟು ಬೇಗ ನಿಲ್ಲಿಸುವುದೂ ಇಲ್ಲ.

ಮನೆಯೆದುರಿನ ಪಾಚಿ ಹಿಡಿದ ಏರಿಗೆ ಯಾವ ಟೈರೂ ಮದ್ದಲ್ಲ. ಅದಕ್ಕೆ ಬ್ಲೀಚಿಂಗ್ ಪೌಡರ್, ಹಿಡಿಸೂಡಿ.

ಕೊನೆಗೆ ನಾಲ್ಕು ದಾರಿ, ನಾಲ್ಕು ಲೆಕ್ಕ

ನನ್ನ ಓಡಾಟ ವರ್ಷಕ್ಕೆ ಸುಮಾರು 10,000 ಕಿ.ಮೀ. ಒಂದು ಸೆಟ್ ನಾಲ್ಕು ಮಳೆಗಾಲ ಬರುತ್ತದೆ ಎಂದು ಇಟ್ಟುಕೊಂಡೆ. ನಾಲ್ಕು ಟೈರ್, ನಾಲ್ಕು ಮಳೆಗಾಲ. ಲೆಕ್ಕ ಸುಲಭ: ಒಂದು ಮಳೆಗಾಲಕ್ಕೆ ಒಂದು ಟೈರಿನ ಬೆಲೆ.

18ರಲ್ಲೇ ಸಾದಾ ಟೈರ್ ಹಾಕಿದರೆ ಈಗ 58,000, ಮಳೆಗಾಲಕ್ಕೆ 14,500. ಹೊಂಡಕ್ಕೆ ಹೋಗುವ ಟೈರ್ ಬೇರೆ. ಕೈಯಿಂದ ಕಡಿಮೆ ಹೋದಂತೆ ಕಾಣುವ ದಾರಿ ಇದು, ಆದರೆ ಸಿಗುವುದೂ ಕಡಿಮೆ.

18ರಲ್ಲಿ ಒಳ್ಳೆಯ ಟೈರ್ ಹಾಕಿದರೆ 74,000. ಹಿಡಿತ ಸಿಗುತ್ತದೆ, ಚಂದವೂ ಉಳಿಯುತ್ತದೆ. ಹೊಂಡಕ್ಕೆ ಬಿದ್ದಾಗ ಒಂದೇ ಏಟಿಗೆ 18,500. ನಿಮ್ಮ ಓಡಾಟ ಹೆಚ್ಚಾಗಿ ಚತುಷ್ಪಥದಲ್ಲಿ, ರಾತ್ರಿ ಓಡಿಸುವುದು ಅಪರೂಪ ಎಂದಾದರೆ ಇದು ಕೆಟ್ಟ ಆಯ್ಕೆಯಲ್ಲ.

17ಕ್ಕೆ ಇಳಿದು ಒಳ್ಳೆಯ ಟೈರ್ ಹಾಕುವುದು ಮೂರನೇ ದಾರಿ. ಟೈರಿಗೆ 50,000. ರಿಮ್ ಎಲ್ಲಿಂದ? ಇಲ್ಲೊಂದು ತಮಾಷೆ ಇದೆ. ಕೆಳಗಿನ ವೇರಿಯಂಟ್ ಕೊಂಡವರು ಶೋಕಿಗೆ 18 ಇಂಚು ಹಾಕಿಸಿಕೊಂಡು ಕಂಪೆನಿಯ 17 ಇಂಚಿನ ಅಲಾಯ್ ಅಂಗಡಿಯಲ್ಲೇ ಬಿಟ್ಟು ಹೋಗುತ್ತಾರೆ. ಹೊಸತರಂತೆ ಇರುವ ನಾಲ್ಕು ನನಗೆ 22,000ಕ್ಕೆ ಸಿಕ್ಕವು. ಜೋಡಣೆ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲ ಸೇರಿ 2,500. ಒಟ್ಟು 74,500. ಹಳೆಯ 18 ಇಂಚಿನ ರಿಮ್ ಕೊಳ್ಳಲು ಜನ ಕಾಯುತ್ತಲೇ ಇರುತ್ತಾರೆ, ಅದರಿಂದ 30,000 ಬಂತು. ಕೈಯಿಂದ ಹೋದದ್ದು 44,500. ಮುಂದಿನ ಸಲದಿಂದ ಮಳೆಗಾಲಕ್ಕೆ 12,500.

17ರಲ್ಲಿ ಸಾದಾ ಟೈರ್ ಹಾಕಿದರೆ ಇನ್ನೂ ಹತ್ತು ಸಾವಿರ ಉಳಿಯುತ್ತದೆ. ನಾಲ್ಕು ವರ್ಷಕ್ಕೆ ಹತ್ತು ಸಾವಿರ. ನಾನು ಉಳಿಸಲಿಲ್ಲ. ಹೆಬ್ರಿಗೆ ಹೋದವರು ಆಗುಂಬೆಗೂ ಹತ್ತುತ್ತೇವೆ, ಹದಿನಾಲ್ಕು ಹೇರ್‌ಪಿನ್ ತಿರುವು, ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟುವ ಮಳೆ. ಅಲ್ಲಿ ಇಳಿಯುವಾಗ ಎದುರಿಗೆ ಬಸ್ಸು ಬಂದರೆ ಆ ಹತ್ತು ಸಾವಿರದ ನೆನಪಾಗುತ್ತದೆ.

ಮೂರನೇ ದಾರಿಗೆ ಹೋಗುವವರು ಕೆಲವನ್ನು ಮೊದಲೇ ನೋಡಿಕೊಳ್ಳಬೇಕು. ನಿಮ್ಮದೇ ಮಾಡೆಲಿನ ಕೆಳಗಿನ ವೇರಿಯಂಟಿಗೆ ಕಂಪೆನಿ ಕೊಟ್ಟ ಅಳತೆಗೇ ಇಳಿಯಿರಿ. ಕಾರಿನ ಪುಸ್ತಕದಲ್ಲಿ ಅದು ಇರುತ್ತದೆ. ಮನಸ್ಸಿಗೆ ಬಂದ ಅಳತೆ ಹಾಕಿದರೆ ನಾಳೆ ವಾರಂಟಿ, ಇನ್ಶೂರೆನ್ಸ್ ವಿಷಯದಲ್ಲಿ ತಕರಾರು ಬರಬಹುದು. ಮೇಲಿನ ವೇರಿಯಂಟಿಗೆ ಬ್ರೇಕ್ ಡಿಸ್ಕ್ ದೊಡ್ಡದಿದ್ದರೆ ಚಿಕ್ಕ ರಿಮ್ ಒಳಗೆ ತಾಗುತ್ತದೆ. ಒಂದು ಗಾಲಿ ಹಾಕಿ ತಿರುಗಿಸಿ ನೋಡಿಯೇ ದುಡ್ಡು ಕೊಡಿ. ಗಾಳಿಯ ಒತ್ತಡ ತೋರಿಸುವ ಸೆನ್ಸರ್ ವಾಲ್ವ್‌ನಲ್ಲೇ ಇದ್ದರೆ ಅದನ್ನು ಹೊಸ ರಿಮ್‌ಗೆ ದಾಟಿಸಬೇಕು. ಭಾರದ ಸೂಚ್ಯಂಕ ಹಳೆಯದಕ್ಕಿಂತ ಕಡಿಮೆ ಇರಬಾರದು. 95 ಅಂದರೆ ಒಂದು ಟೈರಿಗೆ 690 ಕಿಲೋ, 96 ಅಂದರೆ 710.

ಕಬ್ಬಿಣದ ರಿಮ್ ಹಾಕಬಹುದಲ್ಲ ಎಂದು ಬಾವ ಕೇಳಿದರು. ಅವರಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಆದರೂ ಅದು ನಾಲ್ಕೈದು ತಿಂಗಳು. ನಮ್ಮಲ್ಲಿ ಕಡಲ ಗಾಳಿಯ ಉಪ್ಪು ವರ್ಷವಿಡೀ. ಮಲ್ಪೆ, ಉಳ್ಳಾಲದ ಕಡೆ ಮನೆಯ ಗೇಟು ನೋಡಿದರೆ ಸಾಕು. ತುಕ್ಕು ಹಿಡಿದ ರಿಮ್‌ನ ಅಂಚಿನಲ್ಲಿ ಗಾಳಿ ಸೋರುತ್ತದೆ. ಅಲಾಯ್ ಒಳ್ಳೆಯದು, ಬಣ್ಣ ಎದ್ದಿರಬಾರದು.

ಅಂಗಡಿಯಲ್ಲಿ

ಟೈರಿನ ಬದಿಯಲ್ಲಿ ಡಿಒಟಿ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 0826 ಎಂದಿದ್ದರೆ 2026ರ ಎಂಟನೇ ವಾರ ತಯಾರಾದದ್ದು. ಆರು ತಿಂಗಳಿಗಿಂತ ಹಳೆಯದನ್ನು ನಾನು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೆ ರೇಟು ಇಳಿಸದೆ ಬಿಡುವುದಿಲ್ಲ. ನಾಲ್ಕೂ ಟೈರಿನ ಅಂಕಿ ನೋಡಿ. ಮೂರು ಹೊಸತು, ಒಂದು ಹಳೆಯದು ಸೇರಿಸುವ ಅಭ್ಯಾಸ ಕೆಲವರಿಗಿದೆ. ಉಬ್ಬು, ಸೀಳು ಎಲ್ಲದಕ್ಕೂ ಸ್ವಲ್ಪ ಕಾಲ ಬದಲಿ ಕೊಡುವ ವಿಶೇಷ ವಾರಂಟಿಯ ಮಾಡೆಲ್‌ಗಳೂ ಇವೆ. ಕೇಳಿ, ಇದ್ದರೆ ಬಿಲ್ಲಿನಲ್ಲಿ ಬರೆಸಿ.

ಈಗ ಎರಡಕ್ಕೆ ಮಾತ್ರ ದುಡ್ಡಿದೆ ಎಂದಾದರೆ ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ. ಎಳೆಯುವುದು ಮುಂದಿನ ಗಾಲಿ, ಹಾಗಾದರೆ ಹೊಸತು ಮುಂದೆ ಬೇಡವಾ ಎಂದು ನಾನೂ ವಾದ ಮಾಡಿದ್ದೆ. ಮುಂದಿನ ಗಾಲಿ ಜಾರಿದರೆ ಗಾಡಿ ನೇರ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹೆಚ್ಚಾಗಿ ಹತೋಟಿಗೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿಯೇ ಬುಗುರಿಯಂತೆ ತಿರುಗುತ್ತದೆ. ನಮ್ಮಂಥವರ ಕೈಗೆ ಅದು ಸಿಗುವುದಿಲ್ಲ.

ಸವೆತದ ಬಗ್ಗೆ ಒಂದು ಮಾತು. ಕಾನೂನಿನ ಪ್ರಕಾರ ಗೀರಿನ ಆಳ 1.6 ಮಿ.ಮೀ. ಇದ್ದರೂ ಓಡಿಸಬಹುದು. ಗೀರಿನ ಒಳಗೆ ಸಣ್ಣ ದಿಣ್ಣೆ ಇರುತ್ತದೆ, ರಬ್ಬರ್ ಸವೆದು ಅದಕ್ಕೆ ಸಮವಾದರೆ ಅವಧಿ ಮುಗಿಯಿತು. ಆದರೆ ಮಳೆಗಾಲದ ಎದುರಿಗೆ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ನಾನು ಬದಲಿಸುತ್ತೇನೆ. ಫೆಬ್ರವರಿಯಲ್ಲಿ ಅಷ್ಟೇ ಇದ್ದರೆ ಮೇ ತನಕ ಎಳೆಯುತ್ತೇನೆ. ಬೇಸಿಗೆಯಲ್ಲಿ ಅದೇ ಟೈರ್ ಏನೂ ತೊಂದರೆ ಕೊಡುವುದಿಲ್ಲ.

ಹಾಕಿಸುವುದಾದರೆ ಪತ್ತನಾಜೆಯ (ಮೇ ಕೊನೆಯ ವಾರ ಬರುವ ತುಳುನಾಡಿನ ಆಚರಣೆ) ಮೊದಲು ಹಾಕಿಸಿ. ಜೂನ್ ಮೊದಲ ಮಳೆಗೆ ಕೊಟ್ಟಾರ ಚೌಕಿಯಲ್ಲಿ ನೀರು ನಿಂತ ಮರುದಿನ ಊರಿಗೆ ಊರೇ ಟೈರ್ ಅಂಗಡಿಯ ಎದುರು ಇರುತ್ತದೆ, ಆಗ ರೇಟು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಹೊಸ ಟೈರಿನ ಮೇಲ್ಮೈ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಸ್ವಲ್ಪ ಜಾರುತ್ತದೆ, ಅದೂ ಬಿಸಿಲಿನಲ್ಲೇ ಸವೆದು ಹೋಗಲಿ.

ನನ್ನ ಗಾಡಿ ಈಗ ಹಿಂದಿನಷ್ಟು ಗತ್ತಾಗಿ ಕಾಣುವುದಿಲ್ಲ, ಒಪ್ಪುತ್ತೇನೆ. ಗಾಲಿಯ ಸುತ್ತ ಕಪ್ಪು ಸ್ವಲ್ಪ ಜಾಸ್ತಿ. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಬಾವನಿಗೆ ಫೋಟೋ ಕಳಿಸಿದೆ. "ಇದು ನನ್ನ ಚಳಿಗಾಲದ ಗಾಡಿಯ ಹಾಗೇ ಉಂಟು" ಎಂದು ಬರೆದರು.